ಕಾಲೆತ್ತದ ಹಾಡು

ಕಳಸ
8 ಡಿಸೆಂಬರ್ 2024

ದೀಪಾ,

ನಗಬೇಡ. ನಾನು 'ಏಳು ಕೆರೆಯ ರಾಣಿ'ಯನ್ನು ನಿರ್ದೇಶಿಸುತ್ತಿದ್ದೇನೆ.

ನಕ್ಕು ಮುಗಿಸಿದ್ದರೆ ಮುಂದೆ ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾಟಕದ ವಿಷಯ ಬಂದಾಗಲೆಲ್ಲ ನಾವಿಬ್ಬರೂ ಒಬ್ಬರ ಮಾತನ್ನು ಒಬ್ಬರು ಮುಗಿಸಲು ಬಿಡದೆ ಕೊನೆಗೆ ಫೋನ್ ಕಟ್ ಮಾಡಿದ್ದೇ ಹೆಚ್ಚು. ನಾಟಕದ ಜಗಳವೆಲ್ಲ ಕಾಗದದಲ್ಲೇ ಆಗಲಿ ಎಂದು ಎಂ.ಎ. ಮುಗಿಸಿ ಹಾಸ್ಟೆಲ್ ಬಿಟ್ಟ ದಿನ ಕಾನೂನು ಮಾಡಿದವಳು ನೀನೇ.

ಕಳೆದ ತಿಂಗಳು ಮೂಡಿಗೆರೆಯಲ್ಲಿ ನಮ್ಮ ಹೊಳೆಬದಿ ಬಳಗದ ನಾಟಕವಿತ್ತು. ದೀಪದವನನ್ನೂ ಸಭಾಂಗಣದ ಬೀಗ ತೆಗೆದವನನ್ನೂ ಸೇರಿಸಿದರೆ ಮೂವತ್ತು ಜನ. ಮುಗಿದ ಮೇಲೆ ಬಣ್ಣ ತೊಳೆಯುತ್ತಿದ್ದಾಗ ಮುತ್ತಮ್ಮ ಬಂದಳು. ಸಂಸೆಯ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ನಮ್ಮ ಬಳಗದ ಅರ್ಧ ಜನ ಅವಳ ಹಿಂದೆಯೇ ಬಂದವರು.

"ಮೇಡಂ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕಬೇಡಿ. ನೀವು ಮಾಡಿಸೋ ನಾಟಕ ಒಳ್ಳೇದೇ ಇರ್ತದೆ. ಆದ್ರೆ ಅದು ಒಳ್ಳೇದು ಅಂತ ನಿಮಗೆ ಮಾತ್ರ ಗೊತ್ತು."

"ಎಂತ ಮಾಡ್ಬೇಕು ಅಂತೀಯ?"

"ರಾಣಿ ನಾಟಕ ಮಾಡ್ಸಿ. ಇಲ್ಲಾಂದ್ರೆ ನಾವು ಬರಲ್ಲ. ಮೂವತ್ತು ಜನಕ್ಕೆ ಕೂಗೋದಾದ್ರೆ ನಮ್ಮ ಲೈನ್ ಮನೆ ಎದುರೇ ಕೂಗಬಹುದು. ಅಲ್ಲಿ ನಾಯಿಗಳಾದ್ರೂ ಓಡಿ ಬರ್ತವೆ."

ಉಳಿದವರು ಮುಖ ಒರೆಸುತ್ತ ಅವಳ ಹಿಂದೆ ಬಂದು ನಿಂತರು.

ಹತ್ತು ವರ್ಷದಿಂದ ಕಟ್ಟಿದ ಬಳಗ ಇದು. ಕಾಲೇಜಿನಲ್ಲಿ ನಾನು ಪಾಠ ಮಾಡುವ ಕವಿತೆಗಳು ಪರೀಕ್ಷೆಯ ಮರುದಿನ ಮಕ್ಕಳ ತಲೆಯಿಂದ ಹೊರಟುಹೋಗುತ್ತವೆ. ಈ ಹೆಂಗಸರ ಬಾಯಲ್ಲಿ ಒಂದು ಮಾತು ಕೂತರೆ ಅದು ಅಲ್ಲೇ ಇರುತ್ತದೆ. ಅವರು ಹೋದರೆ ನನಗೆ ಉಳಿಯುವುದು ಸಂಬಳ, ಪುಸ್ತಕದ ಕಪಾಟು ಅಷ್ಟೇ. ಹಾಗಾಗಿ ಒಪ್ಪಿಕೊಂಡೆ.

ಆ ನಾಟಕದ ಕಂಪನಿಯವರು ಈಗ ಹವ್ಯಾಸಿ ತಂಡಗಳಿಗೂ ಅದನ್ನು ಆಡಲು ಕೊಡುತ್ತಿದ್ದಾರೆ. ಮಾತು ಬದಲಿಸಬಾರದು, ಹಾಡಿಗೆ ಅವರು ಧ್ವನಿಮುದ್ರಿಸಿ ಕಳಿಸುವ ಟ್ರ್ಯಾಕನ್ನೇ ಹಾಕಬೇಕು ಎಂಬುದು ಷರತ್ತು. ಮಾರ್ಚ್ 22ಕ್ಕೆ ಚಿಕ್ಕಮಗಳೂರಿನ ರಂಗಮಂದಿರದಲ್ಲಿ ಜಿಲ್ಲಾ ನಾಟಕೋತ್ಸವದ ಕೊನೆಯ ಸಂಜೆ ನಮ್ಮದು.

ಬೈಯುವುದಿದ್ದರೆ ಪುಟ ತುಂಬ ಬೈದು ಬರೆ.

ಪ್ರೇಮಾ

*

ಮೈಸೂರು
16 ಡಿಸೆಂಬರ್ 2024

ಪ್ರೇಮಾ,

ನಗಲಿಲ್ಲ. ಕಾಫಿ ಮಾಡಿಕೊಂಡು ಬಂದು ಇನ್ನೊಮ್ಮೆ ಓದಿದೆ. ಆಗಲೂ ನಗು ಬರಲಿಲ್ಲ.

ಆ ನಾಟಕವನ್ನು ನಾನು ಎರಡು ಸಲ ನೋಡಿದ್ದೇನೆ. ಒಮ್ಮೆ ನೋಡುವುದಕ್ಕೆ, ಇನ್ನೊಮ್ಮೆ ಅದಕ್ಕೆ ನನ್ನಿಂದ ಅನ್ಯಾಯವಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ರಾಣಿಯ ಏಳು ಕೆರೆ ಬತ್ತುತ್ತವೆ. ಅವಳು ವೇಷ ಮರೆಸಿ ಕೆರೆ ಅಗೆಯುವವರ ಜೊತೆ ಸೇರುತ್ತಾಳೆ. ಅಗೆಯುವವನೊಬ್ಬನನ್ನು ಮೆಚ್ಚುತ್ತಾಳೆ. ನೀರು ಬರುತ್ತದೆ, ಮದುವೆಯಾಗುತ್ತದೆ. ಕಥೆಯಲ್ಲಿ ತಪ್ಪೇನಿಲ್ಲ, ಇಂಥ ಕಥೆಗಳನ್ನು ಕೇಳಿಯೇ ನಾವೆಲ್ಲ ಬೆಳೆದದ್ದು. ಆದರೆ ಕೆರೆ ಅಗೆಯುವವರು ಹೊಳೆಯುವ ಬುಟ್ಟಿ ಹಿಡಿದು ಆಳೆತ್ತರ ಜಿಗಿಯುತ್ತಾರೆ. ಒಬ್ಬನ ಕಾಲಿಗೂ ಮಣ್ಣಿಲ್ಲ. 'ರಾಣಿ ನೀನು ಬಾರೆ, ನೀರ ಕಣ್ಣ ತಾರೆ.' ಬಾರೆ, ತಾರೆ, ಮುಂದಿನ ಸಾಲಿನಲ್ಲಿ ನೀರೆ. ಒಂದೇ ಆಟೋದಲ್ಲಿ ಇಕ್ಕಟ್ಟಾಗಿ ಕೂತ ಮೂವರು ನೆಂಟರ ಹಾಗೆ ಪ್ರಾಸಗಳು. ಸಂಗೀತ ನಿರ್ದೇಶಕ ಗುರುವಯ್ಯನವರ ಬಗ್ಗೆ ಪತ್ರಿಕೆಯ ನನ್ನ ಅಂಕಣದಲ್ಲಿ 'ತಗಡಿನ ಮಾಡಿನ ಮೇಲೆ ಜಲ್ಲಿ ಸುರಿದ ಸಂಗೀತ' ಎಂದು ಬರೆದಿದ್ದೆ. ಒಂದು ಪದವನ್ನೂ ಹಿಂದೆಗೆದುಕೊಳ್ಳಲಾರೆ.

ಆ ನಾಟಕ ಕೆಟ್ಟದ್ದು ಎಂದು ಇಷ್ಟು ಸಿಟ್ಟಲ್ಲ. ಅದು ಸುಮಾರಾಗಿದೆ. ಸುಮಾರಾದದ್ದಕ್ಕೆ ಊರೂರಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರಲ್ಲ, ಅದಕ್ಕೆ. ಕಲ್ಯಾಣಮಂಟಪದಲ್ಲಿ ಅದೇ ಹಾಡು, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಅದೇ ಹಾಡು. ಈಗ ನೀನೂ.

ಮೂವತ್ತು ಜನಕ್ಕೆ ಆಡುವುದು ಸೋಲಲ್ಲ. ನೀನು ದಣಿದಿದ್ದೀಯ ಎಂದಷ್ಟೇ ನನಗೆ ಅನ್ನಿಸುತ್ತದೆ. ದಣಿದವರು ವಿಶ್ರಾಂತಿ ತೆಗೆದುಕೊಳ್ಳಬೇಕು, ಶರಣಾಗಬಾರದು.

ದೀಪಾ

*

ಕಳಸ
5 ಜನವರಿ 2025

ದೀಪಾ,

ನಿನ್ನ ಆಟೋ ನೆಂಟರ ಸಾಲನ್ನು ತಂಡಕ್ಕೆ ಓದಿ ಹೇಳಿದೆ. ಮುತ್ತಮ್ಮನಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. "ನಿಮ್ಮ ಫ್ರೆಂಡು ಆಟೋದಲ್ಲಿ ಓಡಾಡ್ತಾರಲ್ಲ, ಅದಕ್ಕೇ ಹಾಗೆ. ಜೀಪಲ್ಲಿ ಹದಿನಾಲ್ಕು ಜನ ಹೋಗೋರಿಗೆ ಮೂರು ಜನ ಎಂತ ಇಕ್ಕಟ್ಟು?" ಅಂದಳು. ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ತಿಳಿಸು.

ನಾನು ಶರಣಾಗಿಲ್ಲ ಮಾರಾಯ್ತಿ. ಈ ನಾಟಕಕ್ಕೆ ಸಿಕ್ಕ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂದು ಈಗಲೂ ಹೇಳುತ್ತೇನೆ. ಎರಡನೇ ಅಂಕ ಹಿಟ್ಟಿಗೆ ನೀರು ಹೆಚ್ಚಾದ ಹಾಗಿದೆ. ಆದರೆ ತಾಲೀಮು ಚೆನ್ನಾಗಿ ನಡೆಯುತ್ತಿದೆ. ಅದು ನಡೆಯುವ ಬಗೆಯನ್ನು ನಿನಗೆ ಹೇಳಲೇಬೇಕು.

ಇದು ಕೊಯ್ಲಿನ ಕಾಲ. ಎಲ್ಲರೂ ಒಟ್ಟಿಗೆ ಸಿಗುವುದು ಭಾನುವಾರ ಮಾತ್ರ. ಇಷ್ಟು ಜನ ಕುಣಿಯುವಂಥ ಸಮತಟ್ಟು ಜಾಗ ಸಂಸೆಯಲ್ಲಿರುವುದು ಶಂಕರಣ್ಣನ ಕಾಫಿ ಕಣ ಒಂದೇ. ನಾಲ್ಕೆಕರೆ ತೋಟದ ಮನುಷ್ಯ. ನಾಟಕ ಎಂದರೆ ಪ್ರಾಣ. ಕಾಫಿ ಎಂದರೆ ಅದಕ್ಕಿಂತ ಹೆಚ್ಚು. ಕಣದ ತುಂಬ ಹಣ್ಣು ಹರವಿದೆ, ಅದು ಒಣಗಿ ಎದ್ದರೆ ಮತ್ತೊಂದು ಕೊಯ್ಲಿನದು ಬರುತ್ತದೆ. ಜಾಗ ಖಾಲಿಯಾಗುವುದು ಮಾರ್ಚ್‌ಗೇ.

"ಕಾಫಿ ಮೇಲೇ ಆಡಿ," ಅಂದರು ಶಂಕರಣ್ಣ. "ಆದ್ರೆ ಕಾಲು ಎತ್ತೋ ಹಾಗಿಲ್ಲ. ಎತ್ತಿ ಹಾಕಿದ್ರೆ ಕಾಯಿ ಒಡೆದು ಹೋಗ್ತದೆ. ಕಾಲಾಡಿಸ್ತಾ ಹೋಗಿ."

ಕಾಲಾಡಿಸುವುದು ಎಂದರೆ ನಿನಗೆ ಗೊತ್ತಿರಲಿಕ್ಕಿಲ್ಲ. ಬಿಸಿಲಿಗೆ ಹಾಕಿದ ಕಾಫಿಯ ಅಡಿಯದು ಮೇಲೆ ಬರಬೇಕು. ಅದಕ್ಕೆ ಹೆಂಗಸರು ಬರಿಗಾಲಲ್ಲಿ ಸಾಲಾಗಿ, ಪಾದವನ್ನು ನೆಲದಿಂದ ಬಿಡಿಸದೆ, ಎಳೆದುಕೊಂಡು ಹೋಗುತ್ತಾರೆ. ಹಿಂದೆ ಗದ್ದೆಯ ಗೆರೆಯಂತೆ ಸಾಲು ಬೀಳುತ್ತದೆ. ತುದಿ ಮುಟ್ಟಿ ತಿರುಗಿ ಪಕ್ಕದ ಸಾಲು ಹಿಡಿಯುತ್ತಾರೆ. ನಮ್ಮ ಕೆರೆ ಅಗೆಯುವವರೆಲ್ಲ ಈಗ ಹೀಗೆಯೇ ಅಗೆಯುತ್ತಿದ್ದಾರೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಿರಿ ಕಣದ ಅಂಚಿನಲ್ಲಿ ಕೂತು ಹಾರ್ಮೋನಿಯಂ ಹಿಡಿಯುತ್ತಾನೆ. ಮೆಡಿಕಲ್ ಶಾಪಿನ ಮೋನಿಕಾ ನಮ್ಮ ರಾಣಿ. ಅವಳ ಎರಡು ಪಾದವೂ ಕೆಂಪಾಗಿ ಅಂಟಂಟಾಗಿ, ಸೋಮವಾರ ಅಂಗಡಿಗೆ ಬಂದವರು ಏನಾಯಿತು ಎಂದು ಕೇಳುತ್ತಾರಂತೆ.

"ಗೌಡ್ರ ಕಾಫಿ ಪುಕ್ಕಟೆ ಒಣಗ್ತಾ ಉಂಟು," ಎಂದು ಮುತ್ತಮ್ಮ ಶಂಕರಣ್ಣನಿಗೆ ಕೇಳುವ ಹಾಗೆ ಗೊಣಗುತ್ತಾಳೆ. ಅವರು ಕೇಳಿಸದವರಂತೆ ಚಹಾ ತರಿಸುತ್ತಾರೆ.

ಇನ್ನೊಂದು ವಿಷಯ. ಆ ಅಗೆಯುವ ಹಾಡಿನಲ್ಲಿ 'ಒಂದು ಬುಟ್ಟಿ ಮಣ್ಣಿಗೊಂದು ಹನಿಯ ಕೊಡು ನೆಲವೇ' ಎಂಬ ಸಾಲಿದೆ. ನಿನಗೆ ಎಂದಾದರೂ ಕೇಳಿಸಿತ್ತೆ? ನನಗೆ ಕಣದ ಮೇಲೇ ಮೊದಲು ಕೇಳಿಸಿದ್ದು.

ಪ್ರೇಮಾ

*

ಮೈಸೂರು
14 ಜನವರಿ 2025

ಪ್ರೇಮಾ,

ಸಂಕ್ರಾಂತಿಯ ಶುಭಾಶಯ. ಎಳ್ಳು ಬೆಲ್ಲವನ್ನು ಲಕೋಟೆಯಲ್ಲಿ ಹಾಕಿದರೆ ಅಂಚೆಯವರು ಬೈಯುತ್ತಾರೆ, ನಾಲಿಗೆಯ ಮೇಲೆ ಇದೆ ಎಂದುಕೋ.

ಆ ಸಾಲು ನನಗೆ ಕೇಳಿಸಿರಲಿಲ್ಲ. ನೀನು ಸೇರಿಸಿದ್ದೇ ಇರಬೇಕು ಎಂದು ಅನುಮಾನವಾಗಿ ಹಾಡನ್ನು ಹಾಕಿ ಕೇಳಿದೆ. ನಾಲ್ಕು ಡೋಲು, ಮೂರು ಕೀಬೋರ್ಡುಗಳ ಅಡಿಯಲ್ಲಿ ಅದು ನಿಜಕ್ಕೂ ಇದೆ. ಒಂದೇ ಉಸಿರಿನಲ್ಲಿ ಹಾರಿಹೋಗುತ್ತದೆ.

ಬಯಲಲ್ಲಿ ನಿಮ್ಮವರ ದನಿ ಹೇಗೆ ಕೇಳುತ್ತದೆ? ಎಲ್ಲರೂ ಒಂದೇ ಶ್ರುತಿಯಲ್ಲಿ ಹಾಡುತ್ತಾರೋ, ಮೇಲೆ ಕೆಳಗೆ ಇದೆಯೋ? ಸುಮ್ಮನೆ ಕೇಳಿದೆ, ಬೇರೆ ಕಾರಣವಿಲ್ಲ.

ನಾನು ಚಿಕ್ಕಮಗಳೂರಿಗೆ ಬರುವುದಿಲ್ಲ. ಮಾರ್ಚ್‌ನಲ್ಲಿ ಉತ್ತರ ಪತ್ರಿಕೆಗಳ ರಾಶಿ ಇರುತ್ತದೆ. ಇಲ್ಲದಿದ್ದರೂ ಬರುತ್ತಿರಲಿಲ್ಲ. ಬಂದು ಸುಳ್ಳು ಹೇಳುವುದಕ್ಕಿಂತ ಬಾರದಿರುವುದೇ ನಮ್ಮಿಬ್ಬರಿಗೂ ಒಳ್ಳೆಯದು.

ದೀಪಾ

*

ಕಳಸ
12 ಫೆಬ್ರವರಿ 2025

ದೀಪಾ,

ಒಂದು ಅನಾಹುತವಾಗಿದೆ. ಮೊದಲು ಅದನ್ನು ಹೇಳಿ ಆಮೇಲೆ ನಿನ್ನಲ್ಲಿ ಒಂದು ಬೇಡಿಕೆ ಇಡುತ್ತೇನೆ.

ಕಳೆದ ವಾರ ಕಂಪನಿಯಿಂದ ಟ್ರ್ಯಾಕಿನ ಪೆನ್‌ಡ್ರೈವ್ ಬಂತು. ಭಾನುವಾರ ನಮ್ಮ ಕಾಲೇಜಿನ ಸಭಾಂಗಣದಲ್ಲಿ ದೊಡ್ಡ ಸ್ಪೀಕರ್ ಇಟ್ಟು ಎಲ್ಲರನ್ನೂ ನಿಲ್ಲಿಸಿದೆವು. ಗಿರಿ ಒತ್ತಿದ. ಡೋಲು ಹೊಡೆಯಿತು. ನಮ್ಮವರು ಕಾಲಾಡಿಸುತ್ತ ಹೊರಟರು.

ಏನಾಗಿತ್ತು ಎಂದರೆ, ಎರಡು ತಿಂಗಳು ಕಾಫಿಯ ಮೇಲೆ ಹಾಡಿ ಹಾಡಿ ಹಾಡು ಕಾಲಿನ ನಡಿಗೆಗೆ ಇಳಿದುಬಿಟ್ಟಿತ್ತು. ವಾರದಿಂದ ವಾರಕ್ಕೆ ಒಂದಿಷ್ಟೇ ನಿಧಾನವಾದದ್ದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಗಿರಿಯ ಹಾರ್ಮೋನಿಯಂ ಕೂಡ ಅವರ ಕಾಲನ್ನೇ ನೋಡಿಕೊಂಡು ಹೋಗುತ್ತಿತ್ತು. ನಮ್ಮವರು ಎರಡನೇ ಚರಣದಲ್ಲಿ ಇರುವಾಗಲೇ ಟ್ರ್ಯಾಕು ಹಾಡು ಮುಗಿಸಿ ಮದುವೆಯ ವಾದ್ಯಕ್ಕೆ ಹೋಯಿತು. ಮೋನಿಕಾ ಸಮಯಕ್ಕೆ ಸರಿಯಾಗಿ ಹಾರ ಹಿಡಿದು ಓಡಿ ಬಂದು, ಅಗೆಯುವವರ ನಡುವೆ ಸಿಕ್ಕಿಕೊಂಡಳು.

"ರಾಣಿಗೆ ಮದುವೆ ಅರ್ಜೆಂಟು," ಅಂದಳು ಮುತ್ತಮ್ಮ, ಕಾಲು ನಿಲ್ಲಿಸದೆ. "ನಮ್ಮ ಕೆರೆ ಇನ್ನೂ ಮೊಣಕಾಲುದ್ದ ಆಗಿಲ್ಲ."

ಬಾಗಿಲಲ್ಲಿ ಇಣುಕುತ್ತಿದ್ದ ಹಾಸ್ಟೆಲ್ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಎರಡು ಸಂಜೆ, ಕೊಯ್ಲು ಮುಗಿಸಿ ಬರಲಾದವರಿಂದ ಟ್ರ್ಯಾಕಿನ ವೇಗಕ್ಕೆ ಕಾಲೆತ್ತಿ ಮಾಡಿಸಿ ನೋಡಿದೆ. ಮಂಡಿ ನೋವು ಎಂದು ಇಬ್ಬರು ಕೂತರು. ಉಳಿದವರು ಮಾಡಿದರು, ಆದರೆ ಮುಖದಲ್ಲಿ ಜೀವವಿಲ್ಲ. ಸಾಲಿನ ಹಿಂದೆ ಸಾಲಾಗಿ ಬಂದು ನೆಲವನ್ನು ಬೇಡುತ್ತಿದ್ದ ಹೆಂಗಸರು ಎಲ್ಲೋ ಹೋಗಿ, ಮದುವೆ ಮನೆಯಲ್ಲಿ ಒತ್ತಾಯಕ್ಕೆ ಕುಣಿಯುವ ಅತ್ತೆಯರು ಉಳಿದರು.

ದೀಪಾ, ಕಣದ ಮೇಲೆ ನಾನು ಕೇಳಿದ್ದು ಒಳ್ಳೆಯ ಹಾಡು. ನಾಟಕ ಈಗಲೂ ಸುಮಾರೇ, ಹಾಡು ಅಲ್ಲ. ಅದನ್ನು ನಾನು ಬಿಡಲಾರೆ.

ಕಂಪನಿಗೆ ಫೋನ್ ಮಾಡಿದರೆ, ಟ್ರ್ಯಾಕ್ ಬೇಡವಾದರೆ ನಾಟಕವೂ ಬೇಡ ಅಂದರು. ಗುರುವಯ್ಯನವರು ಹೂಂ ಅಂದರೆ ಮಾತ್ರ ಬೇರೆ ಮಾತು. ಅವರು ಮೈಸೂರಿನಲ್ಲೇ ಇದ್ದಾರೆ. ಫೋನ್ ಎತ್ತುವುದಿಲ್ಲವಂತೆ. ನಿನ್ನಂಥವಳು ಹೋಗಿ ಕೇಳಿದರೆ ತೂಕವಿರುತ್ತದೆ. ನೀನು ಅವರ ಬಗ್ಗೆ ಬರೆದದ್ದು ನೆನಪಿದೆ. ಆದರೂ ಕೇಳುತ್ತಿದ್ದೇನೆ. ಈ ಹಾಡು ಹೀಗೇ ಹೋದರೆ ಮುತ್ತಮ್ಮ ಬರುವುದಿಲ್ಲ, ಅವಳು ಬರದಿದ್ದರೆ ಬಳಗವಿಲ್ಲ. ನಿನ್ನೆ ಮನೆಗೆ ಹೋಗುವಾಗ "ನಾವು ಇದಕ್ಕೆ ಆಗೋರಲ್ಲ ಮೇಡಂ" ಅಂದಳು. ಯಾವುದಕ್ಕೂ ಆಗುವುದಿಲ್ಲ ಎಂದವಳಲ್ಲ ಅವಳು.

ಬೇಗ ಬರೆ.

ಪ್ರೇಮಾ

*

ಕಳಸ
9 ಮಾರ್ಚ್ 2025

ದೀಪಾ,

ಮೂರು ವಾರದಲ್ಲಿ ನಿನ್ನಿಂದ ಬಂದದ್ದು ಒಂದೇ ಮೆಸೇಜು. 'ಪತ್ರ ಸಿಕ್ಕಿತು. ನೋಡೋಣ.' ನೋಡೋಣ ಎಂಬ ಮಾತನ್ನು ಕಚೇರಿಗಳಲ್ಲಿ ಬಹಳ ಕೇಳಿದ್ದೇನೆ, ಅದರ ಅರ್ಥ ಗೊತ್ತು. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ನಿನ್ನ ಸಹಾಯ ಇನ್ನು ಬೇಡ. ಮೊನ್ನೆ ಕಂಪನಿಯಿಂದ ಅನುಮತಿ ಬಂದಿದೆ. ಒಂದು ಪ್ರದರ್ಶನಕ್ಕೆ ಮಾತ್ರ, ಟ್ರ್ಯಾಕ್ ಇಲ್ಲದೆ, ನಮ್ಮದೇ ದನಿಯಲ್ಲಿ, ನಮ್ಮದೇ ವೇಗದಲ್ಲಿ. ಗಿರಿ ಫೆಬ್ರವರಿಯಲ್ಲೇ ಒಂದು ಅರ್ಜಿ ಕಳಿಸಿದ್ದ. ಎಸ್ಟೇಟಿನ ಭಾಷೆಯಲ್ಲಿ, 'ತಾವು ದಯಮಾಡಿ ಪರಿಶೀಲಿಸಬೇಕಾಗಿ ಕೋರಿಕೆ' ಎಂದು. ನಾನು ಆಗ ನಕ್ಕಿದ್ದೆ. ಈಗ ಊರಿಡೀ ಅವನನ್ನು ವಕೀಲರೇ ಎಂದು ಕರೆಯುತ್ತಿದ್ದಾರೆ, ಅವನೂ ಕಾಲರ್ ಸರಿಮಾಡಿಕೊಂಡು ಓಡಾಡುತ್ತಿದ್ದಾನೆ.

ನನಗೆ ನೋವಾದದ್ದು ನೀನು ಹೋಗಲಿಲ್ಲ ಎಂದಲ್ಲ. ಆಗುವುದಿಲ್ಲ ಎಂದು ಬರೆಯಬಹುದಿತ್ತು. ಜನ ಮೆಚ್ಚಿದ್ದನ್ನು ಮುಟ್ಟಿದ ಕೂಡಲೇ ನಾನು ನಿನ್ನ ಪತ್ರಕ್ಕೂ ಯೋಗ್ಯಳಲ್ಲ ಎಂದಾಯಿತೆ? ಕಾಲೇಜಿನಲ್ಲಿ ನಾವಿಬ್ಬರೂ ಓದಿದ ಕವಿತೆಗಳಲ್ಲಿ ಒಂದಾದರೂ ನಮಗೆ ಇದನ್ನು ಕಲಿಸಿದ್ದು ನನಗೆ ನೆನಪಿಲ್ಲ.

ಇನ್ನು ಎರಡೇ ವಾರ ಇದೆ. ಕೆಲಸ ಬಹಳ.

ಪ್ರೇಮಲತಾ

*

ಮೈಸೂರು
14 ಮಾರ್ಚ್ 2025

ಪ್ರೇಮಾ,

ಬೈಗುಳ ತಲುಪಿತು. ಗಿರಿಯವರಿಗೆ ನನ್ನ ಅಭಿನಂದನೆ ತಿಳಿಸು. ನಿಜವಾಗಿಯೂ ಹೇಳುತ್ತಿದ್ದೇನೆ.

ನಿಮ್ಮ ನಡಿಗೆಯಲ್ಲೇ ಹಾಡಿ. ಸಭಿಕರು ಅವಸರ ಮಾಡುತ್ತಾರೆ, ಅವರಿಗೆ ಆ ಹಾಡು ಬೇರೆ ವೇಗದಲ್ಲಿ ಗೊತ್ತಿದೆ. ಆಗ ಅವರ ಕಡೆ ನೋಡಬೇಡಿ.

ದೀಪಾ

*

ಚಿಕ್ಕಮಗಳೂರು
23 ಮಾರ್ಚ್ 2025, ಭಾನುವಾರ ಬೆಳಿಗ್ಗೆ

ಪ್ರೇಮಾ,

ಮೇಲೆ ಊರಿನ ಹೆಸರು ನೋಡಿದೆಯಲ್ಲ? ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಬಾಲ್ಕನಿಯ ಕೊನೆಯ ಸಾಲಿನಲ್ಲಿದ್ದೆ. ಕೊನೆಯ ಸಾಲು ಬೇಕೆಂದು ಹೋಗಿದ್ದಲ್ಲ, ಬೇರೆ ಎಲ್ಲೂ ಜಾಗವಿರಲಿಲ್ಲ. ಮೆಟ್ಟಿಲ ಮೇಲೂ ಜನ. ಮುಗಿದ ಮೇಲೆ ಒಳಗೆ ಬಂದು ನಿನ್ನನ್ನು ನೋಡಬೇಕೆಂದಿದ್ದೆ. ಗೇಟಿನವನು ಬಿಡಲಿಲ್ಲ. ಅವನ ಹಿಂದಿನಿಂದ ನೀನು ಕಂಡೆ, ಯಾರದೋ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದೆ. ಆಗ ನಾನೇ ಹಿಂದೆ ಸರಿದೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಿನ್ನ ಫೆಬ್ರವರಿಯ ಪತ್ರ ಬಂದ ಮೇಲೆ ನಾನು ಗುರುವಯ್ಯನವರ ಮನೆಗೆ ಹೋದೆ. ಬಾಗಿಲು ತೆಗೆದವರು ನನ್ನ ಹೆಸರು ಕೇಳಿ, "ಬನ್ನಿ, ಬನ್ನಿ. ತಗಡಿನ ಮನೆಗೆ ಸ್ವಾಗತ," ಅಂದರು. ನನ್ನ ಅಂಕಣದ ಸಾಲುಗಳು ಅವರಿಗೆ ಬಾಯಿಪಾಠ. ಚಹಾ ಕೊಟ್ಟರು, ಅನುಮತಿ ಕೊಡಲಿಲ್ಲ. ಇನ್ನೊಮ್ಮೆ ಹೋದೆ. ಆಗ, "ಹೇಗೆ ಹಾಡ್ತಾರೆ ಅಂತ ಹೇಳ್ತಾ ಇದೀರಲ್ಲ, ಹಾಡಿ ತೋರಿಸಿ," ಅಂದರು.

ನನ್ನ ಕಂಠ ನಿನಗೆ ಗೊತ್ತು. ಹಾಸ್ಟೆಲಿನಲ್ಲಿ ನಾನು ಹಾಡಿದರೆ ಬಕೆಟ್ ಬಡಿಯುತ್ತಿದ್ದವಳು ನೀನು. ಆದರೂ ಚಪ್ಪಲಿ ಬಿಟ್ಟು, ಅವರ ಮೊಸಾಯಿಕ್ ನೆಲದ ಮೇಲೆ ನೀನು ಬರೆದ ಹಾಗೆ ಪಾದ ಎಳೆಯುತ್ತ, ಗೋಡೆಯಿಂದ ಗೋಡೆಗೆ ಹೋಗಿ ಬಂದು ಹಾಡಿದೆ. ಅವರ ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ ಒಳಗೆ ಹೋದರು. ಗುರುವಯ್ಯನವರು ಕಣ್ಣು ಮುಚ್ಚಿಕೊಂಡಿದ್ದರು. ತಡೆಯಲಾರದೆ ಮುಚ್ಚಿಕೊಂಡರೋ ಏನೋ.

"ಹೀಗೆ ಹಾಡಿದ್ರೆ ಜನ ಕೂರ್ತಾರಾ?" ಎಂದು ಕೇಳಿದರು.

"ಗೊತ್ತಿಲ್ಲ," ಅಂದೆ.

"ನನಗೂ ಗೊತ್ತಿಲ್ಲ. ಕೂರಲ್ಲ ಅನ್ನೋ ಹೆದರಿಕೆಗೇ ಅಷ್ಟು ಡೋಲು ಹಾಕಿದ್ದು." ಬಾಗಿಲವರೆಗೆ ಬಂದು, "ಒಂದು ಷೋ ಮಾಡ್ಲಿ, ಕಂಪನಿಗೆ ನಾನು ಹೇಳ್ತೀನಿ. ಆದ್ರೆ ನೀವು ಹೋಗಿ ನೋಡ್ಬೇಕು. ನೋಡಿ ಬರೀಬೇಕು. ಒಳ್ಳೇದೋ ಕೆಟ್ಟದ್ದೋ, ಕಂಡದ್ದು ಬರೀರಿ," ಅಂದರು.

ಇದನ್ನು ನಿನಗೆ ಯಾಕೆ ಹೇಳಲಿಲ್ಲ ಎಂದರೆ, ನಾನು ಬರುತ್ತೇನೆ ಎಂದು ಗೊತ್ತಾಗಿದ್ದರೆ ನೀನು ನನಗಾಗಿ ನಿರ್ದೇಶಿಸುತ್ತಿದ್ದೆ. ಬಾಲ್ಕನಿಯ ಒಬ್ಬಳಿಗಾಗಿ ಅಷ್ಟೂ ಹೆಂಗಸರನ್ನು ತಿದ್ದುತ್ತಿದ್ದೆ. ಇಲ್ಲ ಎಂದು ಹೇಳಬೇಡ. ನೀನು ಶರಣಾಗಿದ್ದೀಯ ಎಂದು ಬರೆದವಳು ನಾನು. ನೀನು ಅದಕ್ಕೆ ಉತ್ತರ ಕೊಡಲು ಹೊರಡುವುದು ನನಗೆ ಬೇಡವಿತ್ತು.

ಇನ್ನು ನಿನ್ನೆಯದು. ನೀನು ಪಕ್ಕದ ಪರದೆಯ ಹಿಂದೆ ಇದ್ದೆ, ಸಭಾಂಗಣ ನಿನಗೆ ಕಂಡಿರುವುದಿಲ್ಲ. ಅಗೆಯುವ ಹಾಡು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಫೋನುಗಳು ಮೇಲೆದ್ದವು. ಡೋಲಿಲ್ಲ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿತು. ಹೆಂಗಸರು ಒಂದು ಬದಿಯಿಂದ ಬಂದರು. ಪಾದ ನೆಲದ ಮೇಲೆ ಸರಿಯುವ ಸದ್ದು ಬಾಲ್ಕನಿಯವರೆಗೆ ಕೇಳಿತು. ನನ್ನ ಮುಂದಿನ ಹುಡುಗ ಪಕ್ಕದವನಿಗೆ, "ಏ, ಕರೆಂಟ್ ಹೋಯ್ತೇನೋ?" ಅಂದ. ಕೆಳಗೆ ಕೆಲವರು ತಮಗೆ ಗೊತ್ತಿದ್ದ ವೇಗದಲ್ಲಿ ಚಪ್ಪಾಳೆ ಶುರು ಮಾಡಿದರು. ಚಪ್ಪಾಳೆ ಒಂದು ಕಡೆ, ಕಾಲು ಒಂದು ಕಡೆ. ನಿಮ್ಮವರು ಈಗ ಓಡುತ್ತಾರೆ, ಕೆಟ್ಟಿತು ಎಂದುಕೊಂಡೆ.

ಅವರು ಓಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಆ ಎತ್ತರದ ಹೆಂಗಸೇ ಮುತ್ತಮ್ಮ ಇರಬೇಕು. ಸಭೆಯ ಕಡೆ ತಿರುಗಿಯೂ ನೋಡದೆ ರಂಗದ ತುದಿ ಮುಟ್ಟಿ, ತಿರುಗಿ, ಪಕ್ಕದ ಸಾಲು ಹಿಡಿದಳು. ಹಿಂದೆ ಎಲ್ಲರೂ. ಚಪ್ಪಾಳೆ ಎಡವಿತು, ಚೆದುರಿತು, ಸ್ವಲ್ಪ ಹೊತ್ತು ನಿಂತೇಹೋಯಿತು. ಮತ್ತೆ ಎಲ್ಲೋ ಮೂಲೆಯಲ್ಲಿ ಒಬ್ಬರು ತಟ್ಟಿದರು. ಈ ಸಲ ಕಾಲಿನ ಜೊತೆಗೆ. ಇನ್ನೊಬ್ಬರು ಸೇರಿದರು. ಎರಡನೇ ಚರಣದ ಹೊತ್ತಿಗೆ ಇಡೀ ರಂಗಮಂದಿರ ನಿಮ್ಮ ಕಣದ ನಡಿಗೆಗೆ ಇಳಿದಿತ್ತು. 'ಒಂದು ಬುಟ್ಟಿ ಮಣ್ಣಿಗೊಂದು ಹನಿಯ ಕೊಡು ನೆಲವೇ' ಎಂದು ಎಲ್ಲರೂ ಬೇಡಿದಾಗ, ಕರೆಂಟ್ ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಜನ ಎದ್ದು ನಿಂತದ್ದು, ಒನ್ಸ್ ಮೋರ್ ಕೂಗಿದ್ದು ನಿನಗೂ ಕೇಳಿಸಿರಬೇಕು. ಮುತ್ತಮ್ಮ ಸೊಂಟದ ಮೇಲೆ ಕೈಯಿಟ್ಟು, "ಕೆರೆ ತುಂಬಿಯಾಯ್ತು, ಇನ್ನು ಎಂತ ಅಗೆಯೋದು? ಕೂತ್ಕಳಿ," ಅಂದದ್ದು ನಾಟಕದಲ್ಲಿ ಇಲ್ಲ ಎಂದು ನನಗೆ ಗೊತ್ತು. ಒಂದು ಪದವನ್ನೂ ಬದಲಿಸಬಾರದು ಎಂಬ ಷರತ್ತನ್ನು ಮುರಿದಿದ್ದೀರಿ. ಗುರುವಯ್ಯನವರಿಗೆ ನಾನೇ ಹೇಳುತ್ತೇನೆ.

ನನ್ನ ಅಂಕಣದ ಮೊದಲ ಸಾಲು ಸಿದ್ಧವಾಗಿದೆ: 'ಏಳು ಕೆರೆಯ ರಾಣಿ ಈಗಲೂ ಅದಕ್ಕೆ ಸಿಕ್ಕ ಚಪ್ಪಾಳೆಗಿಂತ ಸಣ್ಣ ನಾಟಕ, ಹೊಳೆಬದಿ ಬಳಗಕ್ಕೆ ಮಾತ್ರ ನಾವು ತಟ್ಟಿದ ಚಪ್ಪಾಳೆ ಸಾಲಲಿಲ್ಲ.' ಎರಡನೇ ಅಂಕದಲ್ಲಿ ನೀರು ಹೆಚ್ಚಾಗಿದೆ ಎಂದೂ ಬರೆಯುತ್ತೇನೆ. ಅದು ನಿನ್ನದೇ ಮಾತು, ಬೇಕಾದರೆ ಜಗಳ ಮಾಡು.

ಬಸ್ಸಿಗೆ ಹೊತ್ತಾಯಿತು.

ದೀಪಾ

*

ಕಳಸ
31 ಮಾರ್ಚ್ 2025

ದೀಪಾ,

ನಿನ್ನ ಪತ್ರವನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಓದಿದೆ. ನೀನು ಮೊಸಾಯಿಕ್ ಮೇಲೆ ಪಾದ ಎಳೆದ ಜಾಗ ಬಂದಾಗ ಜೋರಾಗಿ ನಕ್ಕು, ಪಕ್ಕದವರು ಎಂತಾಯಿತು ಎಂದು ಕೇಳಿದಾಗ ಅತ್ತೆ. ಅವರು ನೀರು ತಂದುಕೊಟ್ಟರು.

ಬೈದದ್ದಕ್ಕೆ ಏನು ಬರೆಯಲಿ? ನೀನು ಸುಮ್ಮನಿದ್ದ ಮೂರು ವಾರವನ್ನು ನಾನು ಪೂರಾ ತಪ್ಪಾಗಿ ಓದಿದೆ. ಕವಿತೆಯಲ್ಲಾದರೆ ಸಾಲುಗಳ ನಡುವೆ ಬಿಟ್ಟ ಜಾಗದ ಬಗ್ಗೆ ಒಂದು ಗಂಟೆ ಪಾಠ ಮಾಡುತ್ತೇನೆ. ಮತ್ತೆ, ನೀನು ಬರುತ್ತೀಯ ಎಂದು ಗೊತ್ತಿದ್ದರೆ ಅಷ್ಟೂ ಜನರನ್ನು ತಿದ್ದುತ್ತಿದ್ದೆ ಎಂದು ನೀನು ಬರೆದದ್ದು ನಿಜ. ಮೋನಿಕಾಳ ಜಡೆಯನ್ನಾದರೂ ಬದಲಿಸುತ್ತಿದ್ದೆ.

ಗಿರಿಗೆ ನಿಜ ಹೇಳಿದೆ. ಅವನ ಮುಖ ಇಳಿಯಿತು. ಆಮೇಲೆ, "ಆ ಮೇಡಂ ಬಾಯಲ್ಲಿ ಹೇಳಿದ್ದು, ನನ್ನದು ರಿಟನ್ನಲ್ಲಿತ್ತು. ರಿಟನ್ ಇಲ್ಲದೆ ಯಾವ ಕೆಲಸ ಆಗ್ತದೆ ಹೇಳಿ?" ಎಂದ. ಅವನು ವಕೀಲನಾಗಿಯೇ ಉಳಿದಿದ್ದಾನೆ.

ನಾನು ನಿನಗೆ ಹೇಳದೆ ಇಟ್ಟದ್ದೂ ಒಂದಿದೆ. ಈ ಪ್ರದರ್ಶನದೊಂದಿಗೆ ಬಳಗ ಮುಗಿಯಿತು ಎಂದೇ ನಾನು ಒಳಗೊಳಗೆ ನಂಬಿದ್ದೆ. ಮುತ್ತಮ್ಮನ ಗುಂಪು ಕೇಳಿದ್ದು ರಾಣಿ ನಾಟಕವನ್ನು. ಅದು ಸಿಕ್ಕಿತು, ಜನ ಎದ್ದು ನಿಂತರು. ಇನ್ನು ನನ್ನ ಜೊತೆ ಅವರಿಗೆ ಯಾವ ಕೆಲಸ? ಭಾನುವಾರ ಬೆಳಿಗ್ಗೆ ಬಾಳೆಹೊನ್ನೂರು ಮಾರ್ಗವಾಗಿ ಬಸ್ಸಿನಲ್ಲಿ ಬರುವಾಗ ಒಳ್ಳೆಯ ನಾಲ್ಕು ಮಾತು ಹೇಳಿ ಎಲ್ಲರನ್ನೂ ಬೀಳ್ಕೊಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಎದ್ದು ನಿಂತು ಕಂಬಿ ಹಿಡಿದೆ.

"ನೋಡಿ, ನನಗೊಂದು ಮಾತು ಹೇಳ್ಲಿಕ್ಕುಂಟು," ಅಂದೆ.

"ಆಮೇಲೆ ಹೇಳಿ ಮೇಡಂ, ಬಿದ್ದೀರಿ, ಕೂತ್ಕಳಿ," ಅಂದಳು ಮುತ್ತಮ್ಮ. "ಮುಂದಿನ ನಾಟಕ ಎಂತದು? ಅದು ಹೇಳಿ ಮೊದಲು."

"ಯಾವುದು ಬೇಕು?"

"ನನ್ನ ಕೇಳ್ತೀರಲ್ಲ. ನನಗೆ ಗೊತ್ತಿದ್ದದ್ದು ಅದೊಂದೇ, ಅದು ಆಯ್ತಲ್ಲ. ಇನ್ನು ನಿಮ್ಮ ಕಪಾಟಿಂದ ತೆಗೀರಿ. ಎಂತದೇ ಇರ್ಲಿ, ನಮ್ಮ ಕಾಲಿಗೆ ಬರ್ಲಿಕ್ಕೆ ಸ್ವಲ್ಪ ದಿನ ಬೇಕಾಗ್ತದೆ, ಅಷ್ಟೇ."

ಹಿಂದಿನ ಸೀಟಿನಿಂದ ಮೋನಿಕಾ, "ನನಗೆ ಈ ಸಲ ರಾಣಿ ಬೇಡ, ಬೈಯೋ ಪಾರ್ಟು ಕೊಡಿ," ಎಂದು ಕೂಗಿದಳು. ನನ್ನ ನಾಲ್ಕು ಮಾತು ಎಲ್ಲಿಗೆ ಹೋದವೋ. ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಓದೋಣ ಎಂದುಬಿಟ್ಟೆ.

ಆ ಭಾನುವಾರ ಯುಗಾದಿ ಎಂದು ಮನೆಗೆ ಬಂದ ಮೇಲೆ ನೆನಪಾಯಿತು. ಹಬ್ಬದ ದಿನ ಯಾರು ಬರುತ್ತಾರೆ? ಆದರೂ ನಿನ್ನೆ ಮಧ್ಯಾಹ್ನ ಚಾಪೆ ಹಾಸಿ, ನನಗೆ ಇಷ್ಟವಾದ, ಇದುವರೆಗೆ ಆಡಿಸಲು ಧೈರ್ಯ ಬಾರದ ಒಂದು ನಾಟಕವನ್ನು ಹಿಡಿದು ಕೂತೆ. ಮೊದಲು ಮುತ್ತಮ್ಮ ಬಂದಳು, ಹೋಳಿಗೆಯ ಡಬ್ಬಿ ಹಿಡಿದು. ಅವಳ ಹಿಂದೆ ಅವಳ ಗುಂಪು. ಶಂಕರಣ್ಣ ಹೆಂಡತಿಯನ್ನು ಕರೆತಂದರು, "ಇವಳಿಗೂ ಒಂದು ಪಾರ್ಟು ಇರ್ಲಿ, ಮನೇಲಿ ಹೇಗೂ ಮಾಡ್ತಾಳೆ" ಎಂದು. ಹೆಂಡತಿ ಅವರನ್ನು ನೋಡಿದ ನೋಟಕ್ಕೆ ಅಲ್ಲೇ ಒಂದು ಪಾತ್ರ ಕೊಡಬಹುದಿತ್ತು. ಚಿಕ್ಕಮಗಳೂರಿನಲ್ಲಿ ನಾಟಕ ನೋಡಿದವರು, ನೋಡಿದವರಿಂದ ಕೇಳಿದವರು, ನಾನು ಹೆಸರೂ ಕೇಳಿರದವರು. ಚಾಪೆ ಸಾಲದೆ ಬೆಡ್‌ಶೀಟ್ ಹಾಸಿದೆವು. ಕಿಟಕಿಯ ಹೊರಗೂ ನಿಂತರು.

"ಇದು ಕಷ್ಟದ ನಾಟಕ," ಎಂದು ಮೊದಲೇ ಹೇಳಿದೆ. "ಇದರಲ್ಲಿ ಹಾಡಿಲ್ಲ."

"ಓದಿ ಮೇಡಂ," ಅಂದಳು ಮುತ್ತಮ್ಮ, "ಹಾಡು ಎಲ್ಲುಂಟು ಅಂತ ನಾವು ನೋಡ್ತೇವೆ."

ನನಗೇ ಕೂರಲು ಜಾಗವಿರಲಿಲ್ಲ ದೀಪಾ. ಹೊಸಿಲ ಮೇಲೆ ನಿಂತು, ಒಳಗಿನವರಿಗೂ ಹೊರಗಿನವರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಮೊದಲ ಅಂಕ ಓದಿದೆ.

ಪ್ರೇಮಾ